ಬಸವನಹುಳು ಆಯುವ ಕಾಲ

“ಸಾ, ಬಸವ್ನುಳಕ್ಕೆ ಏನ್ ಹೊಡುದ್ರೆ ಸಾಯ್ತವೆ?”

ಮಳೆ ಹಿಡಿದ ಮೇಲೆ ಮಳವಳ್ಳಿ ತಾಲ್ಲೂಕಿನ ಹಲಗೂರಿನಂಥ ಊರಿನ ಗೊಬ್ಬರದಂಗಡಿ ಮುಂದೆ ಅರ್ಧ ಗಂಟೆ ನಿಂತರೆ ಇಂಥ ಪ್ರಶ್ನೆ ಕಿವಿಗೆ ಬೀಳದೆ ಇರದು. ಕೇಳಿದವರಿಗೆ ಡಬ್ಬಿ ತೆಗೆದು ಕೊಡುವ ಮೊದಲು ಅಂಗಡಿಯವರು ಒಂದು ಮರುಪ್ರಶ್ನೆ ಹಾಕುವುದು ಒಳ್ಳೆಯದು: “ಮನೇಲಿ ಉಳ ಅವಾ?” ಈ ಸೀಮೆಯಲ್ಲಿ ಬರೀ ‘ಹುಳ’ ಎಂದರೆ ರೇಷ್ಮೆ ಹುಳವೇ. ಮಳವಳ್ಳಿ, ಕನಕಪುರ, ಮದ್ದೂರು ಕಡೆಯ ಎಷ್ಟೋ ಸಂಸಾರಗಳ ಕೈಗೆ ತಿಂಗಳು ತಿಂಗಳು ಕಾಸು ಬರುವುದು ಅದರಿಂದ. ತೋಟದ ಹುಳಕ್ಕೆ ಹೊಡೆದ ವಿಷ ಸೊಪ್ಪಿನ ಜೊತೆ ಮನೆಗೆ ಬಂದರೆ ಮೊದಲು ಸಾಯುವುದು ತಟ್ಟೆಯಲ್ಲಿರುವ ಹುಳ. ಬಸವನಹುಳುವಿನ ಹತೋಟಿಯ ಬಗ್ಗೆ ಬೇರೆ ಕಡೆ ಹೇಳುವ ಮಾತುಗಳನ್ನೆಲ್ಲ ಇಲ್ಲಿ ಇನ್ನೊಮ್ಮೆ ಸೋಸಿ ನೋಡಬೇಕಾದದ್ದು ಇದಕ್ಕೇ.

ಮೊದಲು ಹುಳದ ಪರಿಚಯ. ನಮ್ಮ ಹೊಲ, ಗದ್ದೆ, ಕೆರೆಯಂಚುಗಳಲ್ಲಿ ಸಣ್ಣಪುಟ್ಟ ಶಂಖದ ಹುಳುಗಳು ಎಂದಿನಿಂದಲೂ ಇವೆ. ಅವುಗಳಿಂದ ಹೇಳಿಕೊಳ್ಳುವಂಥ ನಷ್ಟವಿಲ್ಲ. ಕಂದು ಚಿಪ್ಪಿನ ಮೇಲೆ ಗಾಢ ಪಟ್ಟೆಗಳಿರುವ, ಅಂಗೈಯಗಲಕ್ಕೆ ಬೆಳೆಯುವ ಹುಳು ಮಾತ್ರ ಪರದೇಶದ್ದು. ವಿಜ್ಞಾನಿಗಳು ಅಕಾಟಿನಾ ಫುಲಿಕಾ ಎಂದು ಕರೆಯುತ್ತಿದ್ದ, ಈಗ ಲಿಸ್ಸಕಾಟಿನಾ ಫುಲಿಕಾ ಎನ್ನುವ ಆಫ್ರಿಕಾದ ದೈತ್ಯ ಬಸವನಹುಳು ಇದು. ತವರು ಪೂರ್ವ ಆಫ್ರಿಕಾದ ಕರಾವಳಿ. ಅಲ್ಲಿಂದ ಮಡಗಾಸ್ಕರ್, ಮಾರಿಷಸ್ ದ್ವೀಪಗಳನ್ನು ಹೊಕ್ಕ ಇದನ್ನು ಭಾರತಕ್ಕೆ ತಂದವರು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ, ಚಿಪ್ಪುಜೀವಿಗಳ ಅಧ್ಯಯನದಲ್ಲಿ ಹೆಸರಾದ ವಿಲಿಯಂ ಹೆನ್ರಿ ಬೆನ್ಸನ್. ಅವರು ಮಾರಿಷಸ್‌ನಿಂದ ತಂದ ಹುಳುಗಳು 1847ರಲ್ಲಿ ಕಲ್ಕತ್ತೆಯ ಚೌರಂಗಿಯ ತೋಟವೊಂದನ್ನು ಸೇರಿದವು. ಆಸಕ್ತಿಗೆಂದು ತಂದದ್ದು ಮುಂದೆ ಇಡೀ ದಕ್ಷಿಣ ಏಷ್ಯಾಕ್ಕೆ ಹಬ್ಬಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಜಪಾನಿ ಸೈನಿಕರು ಆಹಾರವಾಗುತ್ತದೆಂದು ಪೆಸಿಫಿಕ್ ದ್ವೀಪಗಳಿಗೂ ಒಯ್ದರು. ಇವತ್ತು ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಕರ್ನಾಟಕದಲ್ಲಿ ಬೆಂಗಳೂರಿನ ಕೈತೋಟಗಳಿಂದ ಮಲೆನಾಡಿನ ಅಡಿಕೆ ತೋಟದವರೆಗೆ, ಕೊಡಗಿನ ಶನಿವಾರಸಂತೆ ಸುತ್ತಲಿನ ಕಾಫಿ ತೋಟಗಳವರೆಗೆ ಇದರ ಕಾಟ ಸುದ್ದಿಯಾಗಿದೆ.

ಹುಳು ತಾನೇ ನಡೆದು ದೂರ ಹೋಗುವುದಿಲ್ಲ. ಅದನ್ನು ಊರಿಂದೂರಿಗೆ ಸಾಗಿಸುವವರು ನಾವೇ. ನರ್ಸರಿಯಿಂದ ತಂದ ಸಸಿಯ ಕವರಿನ ಮಣ್ಣಲ್ಲಿ ನಾಲ್ಕು ಮೊಟ್ಟೆ, ಲಾರಿಯಲ್ಲಿ ಬಂದ ಗೊಬ್ಬರದಲ್ಲಿ ಎರಡು ಮರಿ, ಮನೆ ಕಟ್ಟಲು ತಂದ ಇಟ್ಟಿಗೆಯ ಸಂದಿಯಲ್ಲಿ ಒಂದು ದೊಡ್ಡದು ಬಂದರೆ ಸಾಕು. ಬೆಂಗಳೂರಿನಿಂದ ಕನಕಪುರ ದಾಟಿ ಮಳವಳ್ಳಿ, ಕೊಳ್ಳೇಗಾಲಕ್ಕೆ ಹೋಗುವ ಹೆದ್ದಾರಿಯಲ್ಲೇ ಇರುವ ಹಲಗೂರಿಗೆ ಸಸಿ, ಮಣ್ಣು, ಗೊಬ್ಬರ ಎಲ್ಲ ಕಡೆಯಿಂದಲೂ ಬರುತ್ತವೆ. ತಂದ ಸಸಿಯನ್ನು ನೆಡುವ ಮೊದಲು ಕವರ್ ಹರಿದು ಬೇರಿನ ಮಣ್ಣನ್ನು ಒಮ್ಮೆ ಬಿಡಿಸಿ ನೋಡುವವರು ಎಷ್ಟು ಮಂದಿ?

ಇದರ ಸಂತಾನದ ಲೆಕ್ಕ ತಿಳಿದರೆ ಉಳಿದದ್ದು ಅರ್ಧ ತಿಳಿದ ಹಾಗೆ. ಒಂದೇ ಹುಳುವಿನಲ್ಲಿ ಗಂಡು, ಹೆಣ್ಣು ಎರಡೂ ಅಂಗಗಳಿರುತ್ತವೆ. ಎರಡು ಕೂಡಿದರೆ ಎರಡೂ ಮೊಟ್ಟೆ ಇಡಬಲ್ಲವು. ಒಮ್ಮೆ ಕೂಡಿದ ಮೇಲೆ ವೀರ್ಯವನ್ನು ತಿಂಗಳುಗಟ್ಟಲೆ ಒಡಲಲ್ಲಿ ಕಾಪಿಟ್ಟುಕೊಂಡು ಕಂತು ಕಂತಾಗಿ ಮೊಟ್ಟೆ ಹಾಕುತ್ತದೆ. ಒಂದು ಕಂತಿಗೆ 100ರಿಂದ 400, ವರ್ಷದಲ್ಲಿ ಹಲವು ಕಂತು, ಐದಾರು ವರ್ಷದ ಆಯಸ್ಸು. ಮೊಟ್ಟೆಗಳು ಹಸಿ ಮಣ್ಣಿನ ಮೇಲ್ಪದರದಲ್ಲಿ, ಕಲ್ಲಿನಡಿ, ತರಗೆಲೆ ರಾಶಿಯಡಿ ನೆನೆಸಿದ ಸಬ್ಬಕ್ಕಿಯ ಹಾಗೆ ಗುಂಪಾಗಿ ಕೂತಿರುತ್ತವೆ. ಎರಡು ವಾರ ತುಂಬುವಷ್ಟರಲ್ಲಿ ಮರಿ ಹೊರಗೆ. ಆರು ತಿಂಗಳಿಗೆ ಆ ಮರಿಯೇ ತಾಯಿ.

ಬೇಸಗೆಯಲ್ಲಿ ಎಲ್ಲಿರುತ್ತವೆ ಎಂಬುದು ಇನ್ನೂ ಮುಖ್ಯವಾದ ಪ್ರಶ್ನೆ. ಮಳವಳ್ಳಿ ತಾಲ್ಲೂಕು ಮಲೆನಾಡಲ್ಲ. ಇಲ್ಲಿನ ಮಾರ್ಚ್, ಏಪ್ರಿಲ್ ಬಿಸಿಲಿಗೆ ಇಂಥ ತೇವಪ್ರಿಯ ಜೀವಿ ಒಂದು ದಿನವೂ ಬಯಲಲ್ಲಿ ಬದುಕಲಾರದು. ಅದು ಚಿಪ್ಪಿನೊಳಗೆ ಸರಿದು, ಬಾಯಿಗೆ ಸುಣ್ಣದಂಶದ ಬಿಳಿ ಪೊರೆ ಹಾಕಿಕೊಂಡು ಮಲಗಿಬಿಡುತ್ತದೆ. ಹಾಗೆ ತಿಂಗಳುಗಟ್ಟಲೆ ಅನ್ನನೀರಿಲ್ಲದೆ ಕಳೆಯಬಲ್ಲದು. ತೆಂಗಿನ ತೋಟದ ಮೂಲೆಯ ಗರಿ, ಮಟ್ಟೆಗಳ ರಾಶಿ, ಬದುವಿನ ಕಲ್ಲುಗುಪ್ಪೆ, ಪಂಪ್‌ಸೆಟ್ ಮನೆಯ ಹಿಂಗೋಡೆ, ತಿಪ್ಪೆಯ ಬುಡ, ಕಡಿದು ಬಿಟ್ಟ ಬಾಳೆದಿಂಡಿನ ಅಡಿ: ಇವು ಅದರ ಬೇಸಗೆ ಮನೆಗಳು. ಮೇ ತಿಂಗಳ ಮುಂಗಾರುಪೂರ್ವ ಮಳೆ ನಾಲ್ಕು ಬೆರಳು ಮಣ್ಣು ನೆನೆಸಿತೋ, ಪೊರೆ ಒಡೆದು ಹೊರಬರುತ್ತವೆ. ಹೊಟ್ಟೆ ಹಸಿದಿರುತ್ತದೆ, ಕೂಡುವ ಕಾಲವೂ ಅದೇ. ಜೂನ್, ಜುಲೈನಲ್ಲಿ ಮಳೆ ಬಿಟ್ಟರೆ ಸ್ವಲ್ಪ ತಣ್ಣಗಾಗಿ, ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ಮತ್ತೆ ಸೈನ್ಯ ಕಟ್ಟುತ್ತವೆ. ಡ್ರಿಪ್ ಹಾಕಿದ ತೋಟದಲ್ಲಿ, ನಾಲೆ ನೀರಿನ ಬಯಲಲ್ಲಿ ಈ ಬಿಡುವೂ ಇಲ್ಲ.

ರಾತ್ರಿ ಒಂಬತ್ತರ ಹೊತ್ತಿಗೆ ಬ್ಯಾಟರಿ ಹಿಡಿದು ಸೊಪ್ಪಿನ ತೋಟಕ್ಕೆ ಇಳಿದು ನೋಡಬೇಕು. ಕಟಾವಾದ ಹಿಪ್ಪುನೇರಳೆ ಕಡ್ಡಿಯಲ್ಲಿ ಎಳೆ ಸುಳಿ ಬಿಡುತ್ತಿರುವಾಗ ಅದರ ಮೇಲೆ ಎರಡು, ಮೂರು ಹುಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಅದರ ನಾಲಗೆ ಅರದಂತಿದ್ದು ಸಾವಿರಾರು ಸಣ್ಣ ಹಲ್ಲುಗಳಿವೆ. ಎಲೆಯನ್ನು ಕಚ್ಚುವುದಿಲ್ಲ, ತರಿಯುತ್ತದೆ. ಎಲೆಯ ನಡುವೆ ದೊಗರು, ಕಾಂಡದ ಸಿಪ್ಪೆ ಕಿತ್ತ ಗಾಯ, ಬೆಳಗಿನ ಬಿಸಿಲಿಗೆ ಬೆಳ್ಳಗೆ ಮಿರುಗುವ ಲೋಳೆಯ ಗೆರೆ, ದಾರದೆಳೆಯಂಥ ಕಪ್ಪು ಹಿಕ್ಕೆ ಕಂಡರೆ ಕಂಬಳಿ ಹುಳದ ಮೇಲೆ ಅನುಮಾನ ಪಡಬೇಕಿಲ್ಲ. “ನೋಡಪ್ಪಾ, ವತ್ತಾರೆ ಬಂದ್ ನೋಡುದ್ರೆ ಸುಳಿನೇ ಇರಾಕಿಲ್ಲ. ಉಳ ನಾಕ್ನೇ ಜ್ವರ ಎದ್ದವೆ, ಸೊಪ್ಪೆಲ್ಲಿಂದ ತರ್ಲಿ?” ಎಂದು ಒಬ್ಬ ಅಜ್ಜಿ ಹೇಳಿದ್ದರಲ್ಲಿ ಇಡೀ ಕಷ್ಟ ಅಡಗಿದೆ. ರೇಷ್ಮೆ ಹುಳ ತನ್ನ ಬದುಕಿನಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ತಿನ್ನುವುದು ನಾಲ್ಕನೇ ಜ್ವರ (ಪೊರೆ ಕಳಚುವ ನಿದ್ದೆ) ಎದ್ದು ಗೂಡು ಕಟ್ಟಲು ಹಣ್ಣಾಗುವವರೆಗಿನ ಒಂದು ವಾರದಲ್ಲಿ. ಆಗ ಸೊಪ್ಪು ಕಡಿಮೆ ಬಿದ್ದರೆ ಗೂಡು ಹಗುರ. ರಾಮನಗರದ ಮಾರುಕಟ್ಟೆಯಲ್ಲಿ ಹಗುರ ಗೂಡಿಗೆ ಯಾರೂ ಕನಿಕರ ತೋರಿಸುವುದಿಲ್ಲ.

ಹಿಪ್ಪುನೇರಳೆ ಒಂದೇ ಅಲ್ಲ. 500ಕ್ಕೂ ಹೆಚ್ಚು ಬಗೆಯ ಗಿಡ ತಿನ್ನಬಲ್ಲ ಹೊಟ್ಟೆ ಬಸವನಹುಳುವಿನದು. ಪಪ್ಪಾಯಿ ಸಸಿ, ಬಾಳೆಯ ಎಳೆ ಕಂದು, ಹುರುಳಿಕಾಯಿ, ಕೋಸು, ಸೌತೆ, ವೀಳ್ಯದೆಲೆ, ಚೆಂಡುಹೂ ಎಲ್ಲವೂ ಅದಕ್ಕೆ ಆಗಿಬರುತ್ತವೆ. ಚೆಂಡುಹೂವಿನ ಸಸಿಮಡಿಗೆ ಒಂದು ರಾತ್ರಿ ನುಗ್ಗಿದರೆ ಬೆಳಗ್ಗೆ ಎಣಿಸಲು ಕಡ್ಡಿಗಳಷ್ಟೇ ಸಿಗುವುದು. ಚಿಪ್ಪಿಲ್ಲದ ಸಿಂಬಳದ ಹುಳಗಳೂ ಇದೇ ಕುಲದವು. ಮನೆಯ ಹಿತ್ತಿಲಲ್ಲಿ, ಕುಂಡಗಳ ತಳದಲ್ಲಿ ಅವೇ ಹೆಚ್ಚು, ಆದರೆ ಹೊಲದ ಮಟ್ಟಿಗೆ ಅವುಗಳ ಕಾಟ ಸಣ್ಣದು. ಕಾಂಪೌಂಡಿನ ಸುಣ್ಣದ ಗೋಡೆಗೆ ಬಸವನಹುಳು ಗುಂಪಾಗಿ ಅಂಟಿರುವುದನ್ನು ಕಂಡವರು ಬೆರಗಾಗುತ್ತಾರೆ. ಚಿಪ್ಪು ಕಟ್ಟಿಕೊಳ್ಳಲು ಸುಣ್ಣ ಬೇಕಲ್ಲ, ಗೋಡೆ ಕೆರೆದು ತಿನ್ನುತ್ತಿರುತ್ತದೆ.

ಇನ್ನು ಮದ್ದಿನ ಮಾತು. ಅಂಗಡಿಯಲ್ಲಿ ಸಿಗುವುದರಲ್ಲಿ ಹೆಚ್ಚು ಬಳಕೆಯದು ಶೇಕಡಾ 2.5ರ ಮೆಟಾಲ್ಡಿಹೈಡ್ ಗುಳಿಗೆ. ತಿಂದ ಹುಳುವಿನ ಲೋಳೆ ಗ್ರಂಥಿಗಳು ಕೆಟ್ಟು, ಲೋಳೆಯೆಲ್ಲ ಸುರಿದುಹೋಗಿ ಒಣಗಿ ಸಾಯುತ್ತದೆ. ಒಣಗಬೇಕಾದರೆ ಮಾರನೇ ದಿನ ಬಿಸಿಲು ಕಾಯಬೇಕು. ಜಡಿಮಳೆಯ ದಿನ ಗುಳಿಗೆ ಚೆಲ್ಲಿದರೆ ಅರ್ಧ ವಿಷವುಂಡ ಹುಳು ನೀರು ಹೀರಿಕೊಂಡು ಚೇತರಿಸಿಕೊಳ್ಳುತ್ತದೆ. “ಹಾಕ್ದೆ, ಏನೂ ಆಗ್ಲಿಲ್ಲ” ಎನ್ನುವವರಲ್ಲಿ ಹಲವರು ಹಾಕಿರುವುದು ಮಳೆಯ ರಾತ್ರಿಯೇ. ಇದು ನಾಯಿ, ಕೋಳಿ, ಕರುಗಳಿಗೂ ವಿಷ. ಇಂಗ್ಲೆಂಡಿನಲ್ಲಿ 2022ರಿಂದ ಹೊರಾಂಗಣದಲ್ಲಿ ಇದರ ಬಳಕೆಯನ್ನೇ ನಿಲ್ಲಿಸಿದ್ದಾರೆ, ಅಲ್ಲಿ ಅದರ ಬದಲು ಕಬ್ಬಿಣದ ಫಾಸ್ಫೇಟ್ ಗುಳಿಗೆ ನಡೆಯುತ್ತದೆ. ಹಲಗೂರಿನ ಒಂದು ಮಗ್ಗುಲಿಗೆ ಕಾವೇರಿ ವನ್ಯಧಾಮದ ಕಾಡು. ಹೊಲಕ್ಕೆ ನವಿಲು ಇಳಿಯುವುದು ಇಲ್ಲಿ ದಿನದ ಮಾತು. ಬಯಲಲ್ಲಿ ಚೆಲ್ಲಿದ ಗುಳಿಗೆಯನ್ನು ನವಿಲು ಹೆಕ್ಕಿ ಸತ್ತರೆ ಪಾಪದ ಜೊತೆಗೆ ವನ್ಯಜೀವಿ ಕಾಯ್ದೆಯ ಕೇಸೂ ಬರುತ್ತದೆ. ಹಾಕಲೇಬೇಕೆಂದರೆ ಪಿವಿಸಿ ಪೈಪಿನ ತುಂಡಿನೊಳಗೋ, ಬೋರಲು ಹಾಕಿ ಕಲ್ಲು ಹೇರಿದ ತೆಂಗಿನ ಚಿಪ್ಪಿನಡಿಯೋ ಇಡಬೇಕು.

ತೌಡು, ಬೆಲ್ಲ, ಹರಳೆಣ್ಣೆಗೆ ಕೀಟನಾಶಕ ಕಲಸಿ ಉಂಡೆ ಕಟ್ಟಿ ಇಡುವುದು ಇನ್ನೊಂದು ಕ್ರಮ. ಬೆಲ್ಲದ ವಾಸನೆಗೆ ಹುಳು ಬರುವುದು ನಿಜ, ಆಲೆಮನೆಗಳ ನಾಡಾದ ಮಂಡ್ಯದಲ್ಲಿ ಬೆಲ್ಲಕ್ಕೆ ಬರವಿಲ್ಲ. ಹಳೆಯ ಕರಪತ್ರಗಳಲ್ಲಿ ಇದಕ್ಕೆ ಮೆಥೊಮಿಲ್ ಸೇರಿಸಿ ಎಂದಿರುತ್ತದೆ. ಆ ವಿಷವನ್ನು ಕೇಂದ್ರ ಸರ್ಕಾರ 2023ರಲ್ಲಿ ನಿಷೇಧಿಸಿದೆ. ಮೂಲೆಯಲ್ಲಿ ಉಳಿದ ಹಳೇ ಡಬ್ಬಿ ಇದ್ದರೆ ಮುಟ್ಟಬೇಡಿ. ಕಾಫಿ ತೋಟಗಳಲ್ಲಿ ಥಯೋಡಿಕಾರ್ಬ್ ಬೆರೆಸುತ್ತಾರೆ. ಕಾಫಿ ಗಿಡದ ಎಲೆಯನ್ನು ಯಾರೂ ರೇಷ್ಮೆ ಹುಳಕ್ಕೆ ಹಾಕುವುದಿಲ್ಲ, ಅವರಿಗೆ ನಡೆಯುತ್ತದೆ. ಸೊಪ್ಪಿನ ತೋಟದಲ್ಲಿ ಅದೇ ಉಂಡೆ ಕಲಸಿದ ಕೈಯಲ್ಲಿ ಸೊಪ್ಪು ಬಿಡಿಸಿದರೆ ಸಾಕು, ತಟ್ಟೆಗೆ ತಟ್ಟೆಯೇ ಖಾಲಿ.

ಕೇರಳದಲ್ಲಿ ಬಳಸುವ ಹೊಗೆಸೊಪ್ಪಿನ ಕಷಾಯದ ವಿಧಾನ ಮೊಬೈಲಿನಲ್ಲಿ ನಮ್ಮ ರೈತರ ಕೈಗೂ ಬಂದಿದೆ. 25 ಗ್ರಾಂ ಹೊಗೆಸೊಪ್ಪನ್ನು ಒಂದೂವರೆ ಲೀಟರ್ ನೀರಿನಲ್ಲಿ ಕುದಿಸಿ ಒಂದು ಲೀಟರಿಗೆ ಇಳಿಸುವುದು, ಇನ್ನೊಂದು ಲೀಟರ್ ನೀರಿನಲ್ಲಿ 60 ಗ್ರಾಂ ಮೈಲುತುತ್ತ ಕರಗಿಸುವುದು, ಎರಡನ್ನೂ ಬೆರೆಸಿ ಸೋಸಿ ಹುಳುವಿನ ಮೇಲೆ ಸಿಂಪಡಿಸುವುದು. ಅಡಿಕೆ, ಬಾಳೆ ತೋಟದವರಿಗೆ ಇದು ಅಗ್ಗದ, ಕೆಲಸ ಮಾಡುವ ದಾರಿ. ರೇಷ್ಮೆಯವರು ಮಾತ್ರ ಇದರ ಹತ್ತಿರ ಸುಳಿಯಬಾರದು. ಹೊಗೆಸೊಪ್ಪು ಬೆಳೆದ ಹೊಲದ ಪಕ್ಕ ಹಿಪ್ಪುನೇರಳೆ ಹಾಕಬೇಡಿ, ಹೊಗೆಸೊಪ್ಪು ಅಗಿಯುತ್ತ ಹುಳದ ಮನೆಗೆ ಹೋಗಬೇಡಿ ಎಂದು ಹಿರಿಯರು ಬೈಯುತ್ತಿದ್ದದ್ದು ಸುಮ್ಮನೆ ಅಲ್ಲ. ನಿಕೋಟಿನ್ ಸೋಕಿದ ಸೊಪ್ಪು ತಿಂದ ರೇಷ್ಮೆ ಹುಳ ತಲೆಯೆತ್ತಿ ಹಸಿರು ಕಾರಿ ಸಾಯುತ್ತದೆ. ಪಕ್ಕದ ಬಾಳೆ ತೋಟದವರು ಸಿಂಪಡಿಸಿದರೂ ಗಾಳಿಯಲ್ಲಿ ಬಂದೀತು. ಇಬ್ಬರ ನಡುವೆ ಮೊದಲೇ ಮಾತಾಗಿರಬೇಕು.

ಉಪ್ಪು? ಹುಳುವಿನ ಮೇಲೆ ಎರಚಿದರೆ ನೀರೆಲ್ಲ ಹೊರಬಂದು ಸಾಯುತ್ತದೆ, ಅನುಮಾನವಿಲ್ಲ. ಆದರೆ ಮದ್ದೂರು, ಮಂಡ್ಯ ಕಡೆಯ ನಾಲೆ ಬಯಲಿನಲ್ಲಿ ಚೌಳು ಹಿಡಿದು ಕೆಟ್ಟ ಮಣ್ಣನ್ನು ಕಂಡವರು ಹೊಲಕ್ಕೆ ಉಪ್ಪು ಚೆಲ್ಲುವ ಧೈರ್ಯ ಮಾಡಬಾರದು. ಉಪ್ಪು ಬಕೆಟ್ಟಿನಲ್ಲಿರಲಿ. ಸುಣ್ಣದ ಪುಡಿಯ ಗೆರೆ ಒಣಹವೆಯಲ್ಲಿ ತಡೆಯಾಗುತ್ತದೆ, ಒಂದು ಮಳೆಗೆ ಮುಗಿಯಿತು. ಪಪ್ಪಾಯಿ, ಅಡಿಕೆಯ ಕಾಂಡಕ್ಕೆ ಬೋರ್ಡೋ ಮುಲಾಮಿನ ಪಟ್ಟಿ ಬಳಿಯುವುದು ಇದಕ್ಕಿಂತ ಬಾಳುತ್ತದೆ. ಅದರಲ್ಲಿರುವ ತಾಮ್ರ ಲೋಳೆಗೆ ತಾಗಿದರೆ ಹುಳು ಮುಂದೆ ಏರುವುದಿಲ್ಲ.

ಇಷ್ಟಾದ ಮೇಲೆ ಉಳಿಯುವುದು ಕೈ. ನನ್ನ ಮಟ್ಟಿಗೆ ಹಲಗೂರಿನಂಥ ರೇಷ್ಮೆ ಸೀಮೆಯಲ್ಲಿ ಇದು ಎರಡನೇ ದರ್ಜೆಯ ಉಪಾಯವಲ್ಲ, ಮೊದಲನೆಯದು. ಮೇ ತಿಂಗಳ ಮೊದಲ ಹದಮಳೆಯಿಂದ ಎರಡು ಮೂರು ವಾರ, ಮೊಟ್ಟೆ ಇಡುವ ಮೊದಲು, ದಿನ ಬಿಟ್ಟು ದಿನ ಆಯುವುದು. ಒಂದು ತೋಟದಲ್ಲಿ ಇಪ್ಪತ್ತು ದೊಡ್ಡ ಹುಳು ಉಳಿದು, ತಲೆಗೆ 200ರಂತೆ ಇಟ್ಟರೂ ಒಂದು ಕಂತಿಗೆ ನಾಲ್ಕು ಸಾವಿರ ಮೊಟ್ಟೆ. ಮೇನಲ್ಲಿ ಆಯ್ದ ಒಂದು ಬಕೆಟ್ ಹುಳು ಅಕ್ಟೋಬರಿನ ಒಂದು ಟ್ರ್ಯಾಕ್ಟರ್ ಲೋಡಿಗೆ ಸಮ ಎಂದರೆ ಉತ್ಪ್ರೇಕ್ಷೆ ಸ್ವಲ್ಪವೇ.

ಕತ್ತಲಲ್ಲಿ ಸಾಲು ಸಾಲು ಸುತ್ತಿ ಬೆನ್ನು ನೋಯಿಸಿಕೊಳ್ಳಬೇಕಿಲ್ಲ, ಹುಳುವನ್ನೇ ಒಂದೆಡೆಗೆ ಕರೆಸಬಹುದು. ಸಂಜೆ ಸಾಲುಗಳ ನಡುವೆ ಒದ್ದೆ ಗೋಣಿಚೀಲ ಹಾಸಿ, ಅದರಡಿ ಪಪ್ಪಾಯಿ ಎಲೆ, ದಂಟು, ಕೋಸಿನ ಹೊರ ಎಲೆ ಇಟ್ಟರೆ ರಾತ್ರಿ ತಿಂದು ಬೆಳಗಿನ ಬಿಸಿಲಿಗೆ ಅಲ್ಲೇ ಅಡಗುತ್ತವೆ. ಗೋಧಿಹಿಟ್ಟು, ಬೆಲ್ಲ, ಸ್ವಲ್ಪ ಯೀಸ್ಟ್ ಕಲಸಿ ಹುಳಿ ಬರಿಸಿದ ಗಂಜಿಯ ವಾಸನೆಗೆ ಇನ್ನೂ ದೂರದಿಂದ ಬರುತ್ತವೆ. ಬೆಳಗ್ಗೆ ಏಳರೊಳಗೆ ಚೀಲ ಎತ್ತಿ ಆಯ್ದರೆ ಕೆಲಸ ಮುಗಿಯಿತು. ಒಂದು ದಿನ ಮರೆತರೆ ಆ ಚೀಲವೇ ಅವಕ್ಕೆ ತವರುಮನೆ.

ಬರಿಗೈಯಲ್ಲಿ ಮುಟ್ಟಬಾರದು. ಇಲಿಗಳ ಶ್ವಾಸಕೋಶದಲ್ಲಿ ಬದುಕುವ ಒಂದು ದಾರದ ಹುಳುವಿನ ಮರಿಗಳು ಬಸವನಹುಳುವಿನ ಮೈಯಲ್ಲಿರುತ್ತವೆ. ಅವು ಮನುಷ್ಯರ ಹೊಟ್ಟೆ ಸೇರಿದರೆ ಮಿದುಳುಪೊರೆಯ ಉರಿಯೂತ ತರಬಲ್ಲವು. ಕೈಗವಸು ಇಲ್ಲದಿದ್ದರೆ ಪ್ಲಾಸ್ಟಿಕ್ ಕವರ್ ತೊಟ್ಟರೂ ಆದೀತು. ಮಕ್ಕಳನ್ನು ಆಟಕ್ಕೆಂದು ಇದಕ್ಕೆ ಹಚ್ಚಬೇಡಿ, ಹಸಿಯಾಗಿ ತಿನ್ನುವ ತರಕಾರಿಯನ್ನು ಚೆನ್ನಾಗಿ ತೊಳೆಯಿರಿ. ಆಯ್ದ ಹುಳುಗಳನ್ನು ಗಟ್ಟಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ, ಸತ್ತ ಮೇಲೆ ಬೋರ್‌ವೆಲ್, ಬಾವಿಗಳಿಂದ ದೂರ ಮೊಳಕಾಲುದ್ದದ ಗುಂಡಿಗೆ ಸುಣ್ಣದ ಜೊತೆ ಹೂಳಬೇಕು. ಚೀಲದಲ್ಲಿ ತುಂಬಿ ರಸ್ತೆ ಬದಿಗೆ, ನಾಲೆಗೆ, ದಾಯಾದಿಯ ಹೊಲಕ್ಕೆ ಎಸೆಯುವವರೂ ಇದ್ದಾರೆ. ವಾರದೊಳಗೆ ವಾಪಸ್ ಬರುತ್ತವೆ.

ಉಳಿದದ್ದು ತೋಟದ ಶಿಸ್ತು. ಸಂಜೆ ಹಾಯಿಸುವ ನೀರನ್ನು ಬೆಳಗ್ಗೆಗೆ ಬದಲಿಸಿದರೆ ರಾತ್ರಿ ಹೊತ್ತಿಗೆ ಮೇಲ್ಮಣ್ಣು ಒಣಗುತ್ತದೆ. ತ್ರೀಫೇಸ್ ಕರೆಂಟ್ ಬರುವ ಹೊತ್ತನ್ನು ನಂಬಿದವರಿಗೆ ಇದು ಹೇಳಿದಷ್ಟು ಸುಲಭವಲ್ಲ ಎಂಬುದೂ ಗೊತ್ತು. ಬೇಸಗೆಯಲ್ಲೇ ಗರಿರಾಶಿ ಎತ್ತಿಸಿ, ಕಲ್ಲುಗುಪ್ಪೆ ಬಿಡಿಸಿ, ಪೊರೆ ಹಾಕಿ ಮಲಗಿದವನ್ನು ಹೊರತೆಗೆಯುವುದು, ಬದುವಿನ ಮಣ್ಣನ್ನು ಒಮ್ಮೆ ಕೆದಕಿ ಮೊಟ್ಟೆಗಳನ್ನು ಬಿಸಿಲಿಗೆ ಬಿಡುವುದು ಮಳೆಗಾಲದ ಅರ್ಧ ಕೆಲಸವನ್ನು ಉಳಿಸುತ್ತದೆ. ಬಾತುಕೋಳಿ ಸಾಕಿದವರಿಗೆ ಮರಿಹುಳುಗಳ ಚಿಂತೆ ಕಡಿಮೆ. ಕೆಂಬೂತ ಹಕ್ಕಿ ದೊಡ್ಡ ಹುಳುವನ್ನೇ ಒಡೆದು ತಿನ್ನುತ್ತದೆ. ಬೇಲಿಯ ಪೊದೆ ಪೂರಾ ಸವರಿ ಅದರ ಗೂಡು ಕೆಡಿಸದಿದ್ದರೆ ಸಾಕು, ಕೂಲಿ ಕೇಳದ ಆಳು ಅದು.

ಹಾಗಾದರೆ ಹುಳು ತಿನ್ನುವ ಇನ್ನೊಂದು ಜೀವಿಯನ್ನು ಹೊರಗಿಂದ ತಂದು ಬಿಡಬಾರದೇ ಎಂದು ಕೇಳುವವರಿದ್ದಾರೆ. ಹವಾಯಿಯಲ್ಲಿ 1955ರಲ್ಲಿ ಹಾಗೇ ಮಾಡಿದರು. ಬಸವನಹುಳುವನ್ನೇ ಬೇಟೆಯಾಡುವ ಅಮೆರಿಕದ ‘ರೋಸಿ ತೋಳ’ ಎಂಬ ಬಸವನಹುಳುವನ್ನು ತಂದು ಬಿಟ್ಟರು. 1977ರಲ್ಲಿ ಫ್ರೆಂಚ್ ಪಾಲಿನೇಷ್ಯಾದ ಮೊರಿಯಾ ದ್ವೀಪದಲ್ಲೂ ಬಿಟ್ಟರು. ಅದು ದೈತ್ಯನನ್ನು ಬಿಟ್ಟು ಆ ದ್ವೀಪಕ್ಕೇ ಸೀಮಿತವಾಗಿದ್ದ ಪುಟ್ಟ ಬಸವನಹುಳುಗಳನ್ನು ಹತ್ತು ವರ್ಷಗಳಲ್ಲಿ ಅಲ್ಲಿನ ಕಾಡಿನಿಂದ ಅಳಿಸಿಹಾಕಿತು. ಗೆದ್ದವರು ಫ್ಲಾರಿಡಾದವರು. 1966ರಲ್ಲಿ ಹುಡುಗನೊಬ್ಬ ಹವಾಯಿಯಿಂದ ಮೂರು ಹುಳು ತಂದ, ಅವನ ಅಜ್ಜಿ ತೋಟಕ್ಕೆ ಬಿಟ್ಟರು. ಏಳು ವರ್ಷದಲ್ಲಿ ಮಯಾಮಿ ಸುತ್ತ 18 ಸಾವಿರ ಹುಳು ಸಿಕ್ಕವು. ಮನೆಮನೆ ಸುತ್ತಿ ಆಯ್ದು, ವಿಷದ ತಿನಿಸು ಇಟ್ಟು, 1975ರಲ್ಲಿ ಮುಗಿಸಿದರು. 2011ರಲ್ಲಿ ಮತ್ತೆ ಕಂಡಾಗ ವಾಸನೆ ಹಿಡಿಯುವ ನಾಯಿಗಳನ್ನೂ ಕಟ್ಟಿಕೊಂಡು ಹತ್ತು ವರ್ಷ ಹೆಣಗಿ 2021ರಲ್ಲಿ ಮತ್ತೆ ಗೆದ್ದರು. ಅಷ್ಟು ದುಡ್ಡಿರುವ ಸರ್ಕಾರವೂ ಆಯುವ ಕೆಲಸವನ್ನು ಬಿಡಲಿಲ್ಲ, ಒಂದು ಮನೆಯ ಹಿತ್ತಿಲನ್ನೂ ಬಿಟ್ಟು ಮುಂದೆ ಹೋಗಲಿಲ್ಲ.

ನಮ್ಮಲ್ಲಿ ಎಡವುವುದು ಇಲ್ಲೇ. ಒಬ್ಬರು ಒಂದು ವಾರ ಕಷ್ಟಪಟ್ಟು ಆಯುತ್ತಾರೆ, ಪಕ್ಕದ ತೋಟ ಬೆಂಗಳೂರಿನಲ್ಲಿರುವವರದು, ಬೀಳು ಬಿದ್ದು ಹುಲ್ಲು ಬೆಳೆದಿರುತ್ತದೆ. ಹುಳು ಪಹಣಿ ನೋಡುವುದಿಲ್ಲ. ಬೀಳು ಜಮೀನು, ರಸ್ತೆ ಬದಿ, ಶಾಲೆಯ ಹಿಂಬದಿ, ಕೆರೆ ಏರಿಗಳನ್ನು ಯಾರು ಆಯಬೇಕು? ಗ್ರಾಮ ಪಂಚಾಯಿತಿ ಮುಂದಾಗಿ ಏಪ್ರಿಲ್ ಕೊನೆಗೇ ಒಂದು ಸಭೆ ಕರೆದು, ಮೊದಲ ಮಳೆಯ ಮಾರನೇ ದಿನ ಇಡೀ ಊರು ಆಯುವ ಏರ್ಪಾಡು ಮಾಡಲಿ. ಸ್ತ್ರೀಶಕ್ತಿ ಸಂಘದವರಿಗೆ ಕಿಲೋಗಿಷ್ಟು ಎಂದು ಕೊಟ್ಟರೂ ಸರಿಯೇ, ವಿಷಕ್ಕೆ ಸುರಿಯುವ ದುಡ್ಡಿಗಿಂತ ಅದು ಹೆಚ್ಚಾಗದು. ರೇಷ್ಮೆ ಇಲಾಖೆಯವರು ಚಾಕಿ (ಎಳೆಯ ರೇಷ್ಮೆ ಹುಳ) ಹಂಚುವಾಗಲೇ ಎರಡು ಮಾತು ಹೇಳಲಿ. ಮದ್ದು ಹಾಕಲೇಬೇಕಾದ ಸಂದರ್ಭ ಬಂದರೆ ಪ್ರಮಾಣವನ್ನು ಮೊಬೈಲಿನಲ್ಲಿ ನೋಡಬೇಡಿ, ಮಂಡ್ಯದ ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ, ಮನೆಯಲ್ಲಿ ಹುಳ ಇದೆ ಎಂಬುದನ್ನು ಮೊದಲು ಹೇಳಿ ಕೇಳಿ. ಈ ಸಲದ ಹದಮಳೆ ಬಿದ್ದ ಸಂಜೆ ನಿಮ್ಮ ಬದುವಿನ ನಾಲ್ಕೂ ಕಡೆಯವರಿಗೆ ಒಂದೊಂದು ಫೋನ್ ಮಾಡಿ, ಎಲ್ಲರೂ ಅದೇ ರಾತ್ರಿ ಇಳಿಯಿರಿ.